ನೆತ್ತಿಯ ಸಿವುಡು

ಮುಂದೆ ಹೋಗುವವನು ಹಿಂತಿರುಗಿ ನೋಡಬಾರದು ಎಂದು ಪರವಾನಗಿಯಲ್ಲಿ ಎಲ್ಲೂ ಬರೆದಿರಲಿಲ್ಲ. ಆದರೂ ಶರಣಕುಮಾರ ಕೊಹಿನೂರ ಬಿಟ್ಟಾಗಿನಿಂದ ಒಮ್ಮೆಯೂ ಹಿಂತಿರುಗಿ ನೋಡಿರಲಿಲ್ಲ. ಎಂ-ಏಟಿ ಮೊಪೆಡ್ಡಿನ ಬಲಗಡೆಯ ಕನ್ನಡಿಯಲ್ಲಿ ಲಾರಿ ತಾನಾಗಿಯೇ ಕಾಣುತ್ತಿತ್ತು. ಲಾರಿ ಅನ್ನುವುದಕ್ಕಿಂತ ಗಾಲಿ ಮೂಡಿದ ಬಣವೆ ಅನ್ನಬೇಕು. ಜೋಳದ ಕಣಿಕೆ ಎರಡೂ ಮಗ್ಗುಲಿಗೆ ಚಾಚಿ, ಹಿಂದೆ ಜೋತು, ಮೇಲಕ್ಕೆ ಎದ್ದು ನಿಂತಿತ್ತು. ಕೆಳಗೆ ಎಲ್ಲೋ ಒಂದು ಗಾಜು, ಗಾಜಿನ ಹಿಂದೆ ಡ್ರೈವರ್ ಅಂಬಾದಾಸನ ಬಿಳಿ ಟೋಪಿ. ಕನ್ನಡಿ ಸಣ್ಣದು, ಅದರಲ್ಲಿ ಲಾರಿಯ ನೆತ್ತಿ ಹಿಡಿಸುತ್ತಿರಲಿಲ್ಲ. ನೆತ್ತಿಯ ಮೇಲೆ ಏನಿದೆ, ಯಾರಿದ್ದಾರೆ ಎನ್ನುವುದು ನೋಡದೆಯೇ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಅವನ ಕುತ್ತಿಗೆ ಸೆಟೆದುಕೊಂಡಿತ್ತು. ಹ್ಯಾಂಡಲಿಗೆ ಕಟ್ಟಿದ ಬಿದಿರಿನ ತುದಿಯಲ್ಲಿ ಕೆಂಪು ಬಟ್ಟೆ ಪಟಪಟ ಬಡಿದುಕೊಳ್ಳುತ್ತಿತ್ತು. ಹೆಂಡತಿ ವಿದ್ಯಾವತಿಯ ಹಳೆಯ ಲಂಗ ಹರಿದು ಮಾಡಿದ ನಿಶಾನೆ ಅದು. ಎದುರಿಗೆ ಬಂದ ಬಂಡಿಯವನೊಬ್ಬ ಎತ್ತುಗಳನ್ನು ಬದಿಗೆ ಎಳೆದು ನಿಂತು, "ಯಾವ ಪಾರ್ಟಿ ಝಂಡಾರಿ ಇದು?" ಎಂದು ಕೇಳಿ ನಕ್ಕ. ಶರಣಕುಮಾರನೂ ನಕ್ಕ. ತನ್ನನ್ನು ನೋಡಿ ಯಾರು ನಕ್ಕರೂ ಅವರ ಜೊತೆ ತಾನೂ ನಕ್ಕುಬಿಡುವ ಒಂದು ಕೆಟ್ಟ ಚಾಳಿ ಅವನಿಗಿತ್ತು. ನಕ್ಕ ಮೇಲೆ ಮುಖ ಅರ್ಧ ತಾಸು ಉರಿಯುತ್ತಿತ್ತು.

ಹೇಳಿದ್ದೇನಲ್ಲ, ಎಂದು ಅವನು ತನಗೆ ತಾನೇ ಅಂದುಕೊಂಡ. ಹೇಳಿದ್ದು ಸುಳ್ಳಲ್ಲ. ಬೆಳಿಗ್ಗೆ ಅಂಗಳದಲ್ಲಿ, ಹೇರುವ ಆಳುಗಳು, ಡ್ರೈವರ್, ನೆರೆಮನೆಯ ಸರುಬಾಯಿ ಎಲ್ಲರ ಎದುರಿಗೆ, ಎತ್ತರವಾಗುತ್ತದೆ ಎಂದು ಬಾಯಿ ಬಿಟ್ಟು ಹೇಳಿದ್ದ. ಲಾರಿಯ ಮೈ ಮೀರಿ ಹೊರಗೆ ಚಾಚುವ ಮಾಲಿಗೂ, ಗೊತ್ತು ಮಾಡಿದ ಎತ್ತರಕ್ಕಿಂತ ಮೇಲೆ ಏಳುವ ಮಾಲಿಗೂ ಪರವಾನಗಿ ಬೇಕು, ರೈತನ ಮಾಲಾದರೂ ಬೇಕು ಎಂದು ಅವನು ಕೆಲವು ವಾರಗಳ ಹಿಂದೆ ಮೊದಲು ಹೇಳಿದಾಗ ಮನೆಯವರು ಮುಖ ಮುಖ ನೋಡಿಕೊಂಡಿದ್ದರು. ವಿದ್ಯಾವತಿಯ ತಮ್ಮ ಬಸವಕುಮಾರ, ಲಾರಿಯ ಮಾಲೀಕ, ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ಕಣಕಿಗೂ ಪರವಾನಗಿ ಅಂತ. ನಾಳಿ ಮೇಯೋ ಎಮ್ಮಿಗೂ ಲೈಸನ್ಸ್ ಮಾಡಸ್ತಿ ನೋಡ ಮಾಮಾ." ನಕ್ಕರೂ ಬೇಡ ಅನ್ನಲಿಲ್ಲ. ಬೇಮಳಖೇಡದ ಅಮೋಘಸಿದ್ದಪ್ಪನ ದನಗಳಿಗೆ ಇಡೀ ಬಣವೆ ಒಂದೇ ಖೇಪಿಗೆ ಮುಟ್ಟಿಸುತ್ತೇನೆ ಎಂದು ಅವನು ಪಂಥ ಕಟ್ಟಿದವನಂತೆ ಮಾತು ಕೊಟ್ಟಿದ್ದ. ಕಲ್ಯಾಣದ ಬಾಡಿ ಕಟ್ಟುವವರ ಹತ್ತಿರ ಹೋಗಿ ಲಾರಿಯ ನಾಲ್ಕೂ ಮೂಲೆಗೆ ಗಳ ನಿಲ್ಲಿಸಿಕೊಂಡು ಬಂದಿದ್ದ. ಪರವಾನಗಿ ತರುವ ಕೆಲಸ ಮಾತ್ರ ಶರಣಕುಮಾರನ ಪಾಲಿಗೆ ಬಂತು. ಕಲ್ಯಾಣದ ತಹಶೀಲ್ ಕಚೇರಿಯ ಎದುರು ಮೇಜು ಹಾಕಿಕೊಂಡು ಜನರ ಅರ್ಜಿ ಬರೆದುಕೊಡುವುದು ಅವನ ಕಸುಬು. ಮನೆಯಲ್ಲಿ ಅದನ್ನು 'ಕಾಗದದ ಕೆಲಸ' ಎನ್ನುತ್ತಿದ್ದರು, ಕೆಲಸ ಎನ್ನುವ ಮಾತನ್ನು ಸ್ವಲ್ಪ ಎಳೆದು. ಬೀದರಿಗೆ ಹೋಗಿ, ಬಂದು, ಬೆಂಚುಗಳ ಮೇಲೆ ಕೂತು, ಗುಮಾಸ್ತರ ಚಹಾ ಮುಗಿಯುವುದನ್ನು ಕಾದು, ಕೊನೆಗೆ ಅವನು ಕಾಗದ ತಂದಿದ್ದ. ಆ ಮನೆಗೆ ತಾನು ಕೈಯಾರೆ ತಂದ ಮೊದಲ ವಸ್ತು ಅದು ಎಂದು ಅವನಿಗೆ ಅನ್ನಿಸಿತ್ತು. ಅದರಲ್ಲಿ ಷರತ್ತುಗಳಿದ್ದವು: ಹಗಲಲ್ಲೇ ಹೋಗಬೇಕು, ಮುಂದೆ ಒಬ್ಬ ಕೆಂಪು ನಿಶಾನೆ ಹಿಡಿದು ಹೋಗಬೇಕು, ಮಾಲಿನ ಮೇಲೆ ಯಾರೂ ಕೂಡಕೂಡದು. ಹುಮನಾಬಾದ ದಾಟಿದ ಮೇಲೆ ಬೇಮಳಖೇಡದ ರಸ್ತೆಗೆ ಅಡ್ಡ ಹಾದುಹೋದ ಹನ್ನೊಂದು ಸಾವಿರ ವೋಲ್ಟಿನ ಕರೆಂಟಿನ ಲೈನು ಜೋತುಬಿದ್ದಿದೆ. ಹೇರಿದ ಮಾಲಿಗೂ ಅದಕ್ಕೂ ನಡುವೆ ಉಳಿಯುವುದು ಒಂದು ಮೊಳ. ಅದಕ್ಕೆ ಆ ದಿನ ಲೈನು ಬಂದ್ ಮಾಡುತ್ತಾರೆ, ಮಧ್ಯಾಹ್ನ ಹನ್ನೆರಡರವರೆಗೆ ಮಾತ್ರ. ಅಷ್ಟರೊಳಗೆ ದಾಟಿಬಿಡಬೇಕು. ಬಿದಿರಿಗೆ ಗೆರೆ ಕೊರೆದು ಎತ್ತರ ಅಳೆದವನು ಅವನೇ. ಆ ಒಂದು ಮೊಳ ಅವನದೇ ಲೆಕ್ಕ.

ಎಲ್ಲ ಬಿಗಿದು ಹಗ್ಗ ಕಟ್ಟಿದ ಮೇಲೆ ಅತ್ತೆ ತುಳಜಾಬಾಯಿ ಸೆರಗು ತಲೆಗೆ ಹೊದ್ದು ಹೊರಗೆ ಬಂದಳು. ಕಂಕುಳಲ್ಲಿ ಒಂದು ಸಿವುಡು. ಗರಿ ಮುರಿಯದ, ತೆನೆಯ ತೊಟ್ಟು ಉದುರದ, ಆರಿಸಿ ಆರಿಸಿ ಕಟ್ಟಿದ ಕಣಿಕೆಯ ಸಿವುಡು. ಅದರ ನಡುವಿಗೆ ಹಸಿರು ಖಣ ಸುತ್ತಿ ಕುಂಕುಮ ಹಚ್ಚಿದ್ದಳು. ಆ ಮನೆಯಲ್ಲಿ ಬಣವೆಯನ್ನು ಬೋಳು ನೆತ್ತಿಯಲ್ಲಿ ಬಿಡುವ ಪದ್ಧತಿಯಿಲ್ಲ. ಅಂಗಳದ ಬಣವೆಯಾಗಲಿ ಲಾರಿಗೆ ಏರಿದ ಬಣವೆಯಾಗಲಿ, ನೆತ್ತಿಯ ಮೇಲೆ ಒಂದು ಸಿವುಡು ನೆಟ್ಟಗೆ ನಿಲ್ಲಬೇಕು. ಮಾಲು ಇಳಿದ ಮೇಲೆ ಆ ಸಿವುಡು ಮಾತ್ರ ಮನೆಗೆ ತಿರುಗಿ ಬರಬೇಕು. "ಕೊಂಡವರ ಗೋದಲ್ಯಾಗೂ ಲಕ್ಷ್ಮಿ ಇರಲಿ, ನಮ್ಮ ಮನ್ಯಾಗೂ ಉಳೀಲಿ" ಎಂದಳು ತುಳಜಾಬಾಯಿ. ನೆಟ್ಟಗೆ ನಿಲ್ಲಿಸಿದರೆ ಆ ಸಿವುಡು ಅವನ ಎದೆಯ ಮಟ್ಟ ಬರುತ್ತಿತ್ತು. ಶರಣಕುಮಾರನ ಕಣ್ಣ ಮುಂದೆ ಬಿದಿರಿನ ಗೆರೆ, ಅದರ ಮೇಲಿನ ಒಂದು ಮೊಳ, ಮೊಳದ ಮೇಲಿನ ತಂತಿ ಎಲ್ಲವೂ ಬಂದು ನಿಂತವು. "ಅತ್ತಿ, ಎತ್ತರ ಆಗ್ತದೇನೋ ಅದು" ಎಂದ. ಮೆಲ್ಲಗೆ ಅಂದ. ಲಾರಿಯ ಮೇಲೆ ಆಗಲೇ ಕವೆಗೋಲು ಹಿಡಿದು ಕೂತಿದ್ದ ಬಸವಕುಮಾರನಿಗೆ ಕೇಳಿಸಿಯೇಬಿಟ್ಟಿತು. "ಏ ಮಾಮಾ, ಲಕ್ಷ್ಮಿಗೂ ಸೀಲ್ ಹೊಡಸ್ಕೊಂಡು ಬರೋದಿತ್ತೇನು?" ಆಳುಗಳು ನಕ್ಕರು. ಅಂಬಾದಾಸ ನಕ್ಕ. ಶರಣಕುಮಾರನೂ ನಕ್ಕ. ತುಳಜಾಬಾಯಿ ಒಬ್ಬಳೇ ನಗಲಿಲ್ಲ. ಸಿವುಡು ಹಿಡಿದುಕೊಂಡೇ ಅಳಿಯನ ಮುಖ ನೋಡುತ್ತ ಸ್ವಲ್ಪ ಹೊತ್ತು ನಿಂತಳು. ಆ ನೋಟವನ್ನು ಅವನು ಬಲ್ಲ. ಇವನದೆಷ್ಟು ತೂಕ ಎಂದು ತಕ್ಕಡಿಯ ಮುಳ್ಳು ನೋಡುವವರ ನೋಟ. ಅವನು ತಲೆ ತಗ್ಗಿಸಿ ಗಾಡಿಯ ಕಿಕ್ ಒದ್ದ. ಅವಳು ಸಿವುಡು ಮೇಲಕ್ಕೆ ಕೊಟ್ಟಳು. ಕಿಕ್ ಒದೆಯುವಾಗ ಅವನ ಮನಸ್ಸಿನಲ್ಲಿ ಒಂದು ಮಾತು ಹುಟ್ಟಿತ್ತು. ಆಗಲಿ, ತಾಗಲಿ, ಆಮೇಲೆ ಗೊತ್ತಾಗುತ್ತದೆ. ಆ ಮಾತು ಹುಟ್ಟಿದ್ದು ಅಂಗಳದಲ್ಲಿ. ಈಗ ಹಳ್ಳ ದಾಟಿ, ಕಬ್ಬಿನ ಗದ್ದೆಗಳನ್ನು ದಾಟಿ ಅವನ ಜೊತೆಗೇ ಬರುತ್ತಿತ್ತು.

ಕಲ್ಯಾಣದ ಹೊರಗೆ ಗ್ಯಾರೇಜುಗಳ ಸಾಲಿನಲ್ಲಿ ಜನ ಕೆಲಸ ಬಿಟ್ಟು ಎದ್ದು ನಿಂತರು. ಬೆಸುಗೆ ಹಾಕುವವನು ಕರಿಗಾಜು ಸರಿಸಿ ನೋಡಿದ. "ಬಸವಣ್ಣಾ, ಮಸ್ತ್ ಹೇರೀದಿ" ಎಂದು ಯಾರೋ ಕೂಗಿದರು. ಮೇಲಿನಿಂದ ಬಸವಕುಮಾರ ಮದುಮಗನ ಹಾಗೆ ಕೈ ಬೀಸಿರಬೇಕು. ಮುಂದೆ ನಿಶಾನೆ ಕಟ್ಟಿಕೊಂಡು ಹೋಗುತ್ತಿದ್ದವನನ್ನು ಯಾರೂ ಕೇಳಲಿಲ್ಲ. ಮೆರವಣಿಗೆಯ ಮುಂದೆ ದಾರಿ ಬಿಡಿಸುವವನನ್ನು ಯಾರು ಕೇಳುತ್ತಾರೆ? ಮನೆ ಅಳಿಯ ಮನೆ ತೊಳಿಯ, ಎಂದು ಹುಲಸೂರಿನಲ್ಲಿ ಅವನ ಅಪ್ಪ ಮದುವೆಗೆ ಮೊದಲೇ ಅಂದಿದ್ದ. ಮಾವ ಮಹಾರುದ್ರಪ್ಪ ತೀರಿಕೊಂಡ, ಮಗ ಲಾರಿಯ ಬೆನ್ನು ಹತ್ತಿದ್ದಾನೆ, ಹೊಲ ನೋಡುವವರಿಲ್ಲ ಎಂದು ಮನೆಯವರು ಅವನನ್ನು ಕರೆಸಿಕೊಂಡಿದ್ದರು. ಅವನಿಗೆ ಹೊಲ ಗೊತ್ತಿಲ್ಲ, ಕಾಗದ ಗೊತ್ತು ಎನ್ನುವುದು ಒಂದೇ ಸುಗ್ಗಿಯಲ್ಲಿ ಎಲ್ಲರಿಗೂ ತಿಳಿದುಹೋಯಿತು. ಆ ಮನೆಗೆ ಬಂದ ಹೊಸದರಲ್ಲಿ ಒಂದು ದಿನ ಊಟಕ್ಕೆ ಕೂತಾಗ ತುಳಜಾಬಾಯಿ ಹೋಳಿಗೆ ಹಿಡಿದು ಬಂದಿದ್ದಳು. ಅವನು ಸಾಕು ಅಂದ, ಅವಳು ಹಾಕಿದಳು. ಮತ್ತೆ ಬಂದಾಗಲೂ ಒಂದೇ ಸಲ ಸಾಕು ಅಂದ, ಮತ್ತೆ ಹಾಕಿದಳು. ಹೊಟ್ಟೆ ಬಿರಿಯುವಷ್ಟು ತಿಂದು ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡು ಬಂದ. ಬಸವಕುಮಾರ ಕಂಬಕ್ಕೆ ಒರಗಿ ಹಲ್ಲುಕಡ್ಡಿ ಆಡಿಸುತ್ತ ಕೂತಿದ್ದ. "ಮಾಮಾ, ನಮ್ಮವ್ವಗ ಒಂದ ಸಲ ಬ್ಯಾಡ ಅಂದ್ರ ಸಂಕೋಚ ಮಾಡ್ಕೋತಾರ ಅಂತಾಳ. ಎರಡನೇ ಸಲ ಅನ್ನಬೇಕು, ಕೈ ಅಡ್ಡ ಇಟ್ಟು." ವಿದ್ಯಾವತಿ ಬಾಗಿಲ ಮರೆಯಲ್ಲಿ ನಕ್ಕ ಸದ್ದು ಕೇಳಿಸಿತ್ತು. ಅಂದಿನಿಂದ ಆ ಮನೆಯಲ್ಲಿ ಯಾವುದಕ್ಕೂ ಎರಡನೇ ಸಲ ಬಾಯಿ ತೆರೆಯುವುದೆಂದರೆ ಅವನಿಗೆ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು.

ಸಸ್ತಾಪುರ ಬಂಗ್ಲಾದ ಹತ್ತಿರ ಹೆದ್ದಾರಿಗೆ ಸೇರುವಲ್ಲಿ ತಪಾಸಣೆಯ ಅಧಿಕಾರಿ ಜೀಪು ನಿಲ್ಲಿಸಿಕೊಂಡು ಕೈ ಅಡ್ಡ ಹಿಡಿದ. ಶರಣಕುಮಾರನ ಎದೆಯಲ್ಲಿ ಏನೋ ಹಗುರಾಯಿತು. ಈ ಮನುಷ್ಯ ಅಳೆಯುತ್ತಾನೆ. ಅಳೆದರೆ ಹೆಚ್ಚು ಬರುತ್ತದೆ. ಹೆಚ್ಚು ಬಂದರೆ ಸಿವುಡು ಇಳಿಸು ಅನ್ನುತ್ತಾನೆ, ಮೇಲಿದ್ದವನನ್ನು ಇಳಿ ಅನ್ನುತ್ತಾನೆ. ತಾನು ಮಾತಾಡುವ ಅಗತ್ಯವೇ ಬರುವುದಿಲ್ಲ. ಕಾಗದವನ್ನು ಎರಡೂ ಕೈಯಿಂದ ಕೊಟ್ಟ. ಅಧಿಕಾರಿ ಸೀಲು ನೋಡಿದ, ಸಹಿ ನೋಡಿದ, ಹಿಂದುಮುಂದು ತಿರುಗಿಸಿದ. "ಕಣಕಿ ಲೋಡಿಗೆ ಇಷ್ಟು ನೀಟಾಗಿ ಕಾಗದ ಮಾಡಿಸಿದವ್ರನ್ನ ನಾ ನೋಡೇ ಇಲ್ರಿ. ಯಾರ ಮಾಡ್ಸಿದ್ದು?" "ನಾನೇರಿ." "ಭಾಳ ಛಲೋ." ಅವನು ಹಣೆಯ ಮೇಲೆ ಕೈ ಇಟ್ಟು ಲಾರಿಯ ನೆತ್ತಿ ನೋಡಿದ. "ಮ್ಯಾಲ ಏನದು, ಹಸರ ಬಟ್ಟಿ?" "ಲಕ್ಷ್ಮಿರಿ ಸಾಹೇಬ್ರ" ಎಂದು ಬಸವಕುಮಾರ ಆಕಾಶದಿಂದ ಹೇಳಿದ. ಅಧಿಕಾರಿ ಎದೆಗೆ ಕೈ ಮುಟ್ಟಿಸಿಕೊಂಡು ಕಾಗದ ಹಿಂದಕ್ಕೆ ಕೊಟ್ಟ. "ಹೋಗ್ರಿ, ಎಲ್ಲಾ ಬರೋಬರಿ ಅದ." ಸಾಹೇಬರೆ, ಬರೋಬರಿ ಇಲ್ಲ, ಒಮ್ಮೆ ಅಳೆದು ನೋಡಿರಿ. ಈ ಮಾತು ಅವನ ಗಂಟಲವರೆಗೆ ಬಂತು. ಭಾಳ ಛಲೋ ಎಂದು ಅಂದವರ ಎದುರಿಗೆ ತನ್ನ ಕಾಗದ ಸುಳ್ಳು ಎಂದು ಹೇಳುವುದು ಹೇಗೆ? ಎಷ್ಟು ದಿನದ ಮೇಲೆ ಯಾರೋ ಛಲೋ ಅಂದಿದ್ದರು. ಅವನು ಕಾಗದ ಮಡಚಿ ಅಂಗಿಯ ಒಳಗೆ ಇಟ್ಟುಕೊಂಡ. ಅದು ಬೆವರಿಗೆ ಎದೆಗೆ ಅಂಟಿಕೊಂಡಿತು.

ರಾಜೇಶ್ವರದಲ್ಲಿ ಬಸವಕುಮಾರ ಮೇಲಿನಿಂದ ಕೂಗಿ ಲಾರಿ ನಿಲ್ಲಿಸಿದ. ಚಹಾ ಎಂದರೆ ನೆಪ. ಹೋಟೆಲಿನ ಮುಂದೆ ಅವನ ಗೆಳೆಯರಿದ್ದರು, ಅವರಿಗೆ ಹೇರಿದ್ದು ತೋರಿಸಬೇಕಾಗಿತ್ತು. ಹಗ್ಗ ಹಿಡಿದು ಕೋತಿಯಂತೆ ಸರಸರ ಇಳಿದು ಬಂದ. ಮೂವತ್ತರ ಗಂಡಸು, ಮೈಯೆಲ್ಲ ಕಣಿಕೆಯ ಧೂಳು, ಹುಬ್ಬಿನಲ್ಲಿ ಗರಿಯ ಚೂರು. ಅವನೇ ಒಂದು ಬಸಿ ಚಹಾ ತಂದು ಶರಣಕುಮಾರನ ಕೈಗಿಟ್ಟ. "ಕುಡಿ ಮಾಮಾ, ಮಾರಿ ಯಾಕ ಸಪ್ಪಗ ಮಾಡೀದಿ? ಬಿಸಲಿಗಿ ತಲಿ ನೋಯಾಕತ್ತದೇನು?" ಎಂದು ತನ್ನ ಟವೆಲನ್ನು ತೆಗೆದು ಅವನ ತಲೆಯ ಮೇಲೆ ಹಾಕಿದ. ಟವೆಲಿನಿಂದ ಬೆವರು ಮತ್ತು ಒಣಹುಲ್ಲಿನ ವಾಸನೆ ಬಂತು. ಆಗ ಹೇಳಬಹುದಿತ್ತು. ಹೊತ್ತಾಗುತ್ತಿದೆ, ಮಧ್ಯಾಹ್ನದ ಮೇಲೆ ಲೈನು ಚಾಲೂ ಮಾಡುತ್ತಾರೆ, ಎದ್ದೇಳು. ನಾಲ್ಕು ಮಾತು. ಅವನು ಚಹಾ ಊದುತ್ತ ಕೂತ. ಬಸವಕುಮಾರ ಗೆಳೆಯರಿಗೆ ಹೇಳುತ್ತಿದ್ದ: "ಇವ್ರು ನಮ್ಮ ಮಾಮಾ. ಇವ್ರದು ಭಾಳ ಕಾನೂನು. ನಮ್ಮ ಮನ್ಯಾಗ ಬೆಕ್ಕು ಹಾಯ್ಬೇಕಾದ್ರೂ ಇವ್ರನ್ನ ಕೇಳಿ ಹಾಯ್ತದ." ಎಲ್ಲರೂ ನಕ್ಕರು. ಈ ಸಲ ಶರಣಕುಮಾರ ನಗಲಿಲ್ಲ. ಹೋಟೆಲಿನ ಗೋಡೆಯ ಮೇಲಿನ ಗಡಿಯಾರದ ಎರಡೂ ಮುಳ್ಳು ಒಂದರ ಮೇಲೊಂದು ಕೂಡಿಕೊಳ್ಳುವುದಕ್ಕೆ ಹತ್ತಿರವಾಗಿದ್ದವು. ಅವನು ಅದನ್ನು ನೋಡಿದ, ಬಸವಕುಮಾರನ ಬೆನ್ನು ನೋಡಿದ, ಮತ್ತೆ ಗಡಿಯಾರ ನೋಡಿದ. ಇನ್ನೊಂದು ಚಹಾ ಬೇಕೇನು ಎಂದು ಯಾರೋ ಕೇಳಿದರು. ಬೇಕು ಎಂದ. ಎರಡನೇ ಚಹಾ ಅವನು ಯಾವತ್ತೂ ಕುಡಿಯುವವನಲ್ಲ.

ಮತ್ತೆ ರಸ್ತೆ. ಬಿಸಿಲು ಡಾಂಬರಿನ ಮೇಲೆ ನೀರಿನ ಹಾಗೆ ಹೊಳೆಯುತ್ತಿತ್ತು. ತಲೆಯ ಮೇಲೆ ಇನ್ನೂ ಬಸವಕುಮಾರನ ಟವೆಲೇ ಇತ್ತು. ಅವನು ಸತ್ತರೆ, ಎನ್ನುವ ಮಾತು ಮೊದಲ ಸಲ ಪೂರ್ತಿಯಾಗಿ, ಸೋಗಿಲ್ಲದೆ ಬಂದು ಎದುರಿಗೆ ನಿಂತಿತು. ಅವನು ಸತ್ತರೆ ಎಲ್ಲರೂ ಅಳುತ್ತಾರೆ. ಆಮೇಲೆ ಒಬ್ಬರಾದ ಮೇಲೊಬ್ಬರು ಅನ್ನುತ್ತಾರೆ: ಶರಣಕುಮಾರ ಹೇಳಿದ್ದರಲ್ಲ, ನಾವೇ ಕೇಳಲಿಲ್ಲ. ತುಳಜಾಬಾಯಿ ಶರಣಕುಮಾರನ ಮುಂದೆ ತಲೆ ಎತ್ತುವುದಿಲ್ಲ. ಹೊಲದ ಮಾತು, ಹೇರುವ ಮಾತು, ಎಲ್ಲದಕ್ಕೂ ಅವನನ್ನು ಕೇಳುತ್ತಾರೆ. ಅವನು ಬೇಡ ಅಂದರೆ ಒಂದೇ ಸಲಕ್ಕೆ ಬೇಡ. ಯೋಚನೆ ಎಷ್ಟು ಸಲೀಸಾಗಿ ಮುಂದೆ ಹೋಯಿತೆಂದರೆ ಅವನು ಆ ಮನೆಯ ಕಟ್ಟೆಯ ಮೇಲೆ ಬಿಳಿ ಪಂಚೆಯುಟ್ಟು ಕೂತದ್ದು, ಬಂದವರಿಗೆ ಕೈ ಮುಗಿದದ್ದು, ವಿದ್ಯಾವತಿಯ ಕೆಂಪಾದ ಕಣ್ಣು ಎಲ್ಲ ಕಂಡುಬಿಟ್ಟವು. ತನಗೆ ಹೇಸಿಗೆಯಾಯಿತು. ಥೂ ಎಂದು ಉಗುಳಿದ. ಗಾಳಿಗೆ ಅದು ತಿರುಗಿ ಅವನ ಕೆನ್ನೆಗೇ ತಾಗಿತು. ನಿಲ್ಲಿಸುತ್ತೇನೆ, ಮುಂದಿನ ಮೈಲಿಗಲ್ಲಿನ ಹತ್ತಿರ ನಿಲ್ಲಿಸುತ್ತೇನೆ. ಮೈಲಿಗಲ್ಲು ಬಂತು, ಹೋಯಿತು. ನಿಲ್ಲಿಸಿದರೆ ಯಾಕೆ ಎಂದು ಕೇಳುತ್ತಾರೆ, ಇಷ್ಟು ಹೊತ್ತು ಯಾಕೆ ಸುಮ್ಮನಿದ್ದೆ ಎಂದು ಕೇಳುತ್ತಾರೆ. ಬೆಳಿಗ್ಗೆ ಹೇಳುವುದು ಸುಲಭವಿತ್ತು. ಒಂದೊಂದು ಊರು ದಾಟಿದಂತೆ ಅದು ಕಷ್ಟವಾಗುತ್ತ ಬಂದು, ಈಗ ಬಾಯಿ ತೆರೆದರೆ ತಪ್ಪೊಪ್ಪಿಗೆಯೇ ಆಗುವಂತಿತ್ತು.

ಹುಮನಾಬಾದಿನ ಬಸ್‌ಸ್ಟ್ಯಾಂಡ್ ಎದುರು ಗಾಡಿಗಳು ಸಿಕ್ಕಿಕೊಂಡು ಲಾರಿ ನಿಂತಿತು. ಶರಣಕುಮಾರ ಎಂ-ಏಟಿಗೆ ಸ್ಟ್ಯಾಂಡ್ ಹಾಕಿ ಎಸ್‌ಟಿಡಿ ಬೂತಿಗೆ ಓಡಿದ. ಕಾಲು ತಾವಾಗಿ ಓಡಿದ್ದಕ್ಕೆ ಅವನಿಗೇ ಆಶ್ಚರ್ಯವಾಯಿತು. ವಿದ್ಯುತ್ ಕಚೇರಿಗೆ ಒಂದು ಫೋನು: ಲೈನು ಚಾಲೂ ಆಯಿತೇನು, ಆಗಿದ್ದರೆ ಇನ್ನೊಂದು ಗಳಿಗೆ ಬಂದ್ ಮಾಡಿರಿ. ಇದರಲ್ಲಿ ನಾಚಿಕೆಯೇನೂ ಇಲ್ಲ. ಬೂತಿನಲ್ಲಿ ಕೂತಿದ್ದ ವಹೀದಾ ಮಗುವಿಗೆ ಬಿಸ್ಕೀಟು ಅದ್ದಿ ತಿನ್ನಿಸುತ್ತಿದ್ದಳು. ಅವನು ಬೀದರಿಗೆ ಹೋಗಿ ಬರುವಾಗಲೆಲ್ಲ ಅಲ್ಲಿಂದಲೇ ಫೋನು ಮಾಡುತ್ತಿದ್ದುದರಿಂದ ಗುರುತಿತ್ತು. "ಹೇಳ್ರಿ ಭಾಯಿ, ನಂಬರ್?" ಅವನು ರಿಸೀವರ್ ಎತ್ತಿದ. ಹೊರಗೆ ಬಸವಕುಮಾರನ ದನಿ ಕೇಳಿಸಿತು, ಎತ್ತರದಿಂದ, ಇಡೀ ಬಜಾರಕ್ಕೆ ಕೇಳುವ ಹಾಗೆ: "ಮಾಮಾ ಎಲ್ಲಿ ಹೋದ್ಯೋ, ಕಲೆಕ್ಟರಿಗಿ ಫೋನ್ ಹಚ್ಚಾಕತ್ತೇನು? ಝಂಡಾ ಹಿಡೀಯವ್ರು ಇಲ್ಲಂದ್ರ ನಾವು ಹ್ಯಾಂಗ ಹೋಗೂಣು?" ಬಜಾರವೆಲ್ಲ ನಕ್ಕಿತು ಎಂದು ಅವನಿಗೆ ಅನ್ನಿಸಿತು. ನಕ್ಕವರು ಇಬ್ಬರೋ ಮೂವರೋ. "ನಂಬರ್ ಭಾಯಿ?" ಎಂದಳು ವಹೀದಾ ಮತ್ತೆ. ಆ ನಂಬರು ಅವನಿಗೆ ತನ್ನ ಹೆಸರಿನಷ್ಟೇ ಬಾಯಿಪಾಠವಿತ್ತು. "ನೆನಪಾಗವಲ್ತು" ಎಂದ. ರಿಸೀವರನ್ನು ಅದರ ಜಾಗದಲ್ಲಿ ಮೆಲ್ಲಗೆ, ಸದ್ದಾಗದಂತೆ ಇಟ್ಟು ಹೊರಗೆ ಬಂದ.

ಬೇಮಳಖೇಡದ ರಸ್ತೆ ಕಿರಿದು. ಎರಡೂ ಕಡೆ ಜಾಲಿ. ಬಾವಿಗಳ ಪಂಪು ಒಂದೂ ಹೊಡೆಯುತ್ತಿಲ್ಲ ಎನ್ನುವುದು ಕಿವಿಗೆ ಬಿದ್ದಿದ್ದರೆ ಅವನಿಗೆ ತಿಳಿಯುತ್ತಿತ್ತು. ಅವನ ಕಿವಿಯಲ್ಲಿ ತನ್ನ ರಕ್ತವೇ ಹೊಡೆದುಕೊಳ್ಳುತ್ತಿತ್ತು. ದೂರದಲ್ಲಿ ಕಂಬ ಕಂಡಿತು, ಕಂಬದಿಂದ ಕಂಬಕ್ಕೆ ಮೂರು ತಂತಿ, ನಡುವಿನದು ಹೊಟ್ಟೆ ಬಿಟ್ಟು ಜೋತಿತ್ತು. ಮಧ್ಯಾಹ್ನ ಆಗಲೇ ಹಿಂದೆ ಉಳಿದಿತ್ತು. ನೆರಳು ಗಾಡಿಯ ಕೆಳಗಿನಿಂದ ಆಚೆ ಸರಿದಿತ್ತು. ಅವನು ತಂತಿಯ ಕೆಳಗೆ ಹಾದ. ಹಾದು, ಆಚೆ ಹತ್ತು ಮಾರು ಹೋಗಿ, ಗಾಡಿ ನಿಲ್ಲಿಸಿ, ನಿಶಾನೆಯ ಕೋಲು ಬಿಚ್ಚಿಕೊಂಡು ತಿರುಗಿ ನಿಂತ. ಊರು ಬಿಟ್ಟಾಗಿನಿಂದ ಅವನು ಲಾರಿಯ ನೆತ್ತಿಯನ್ನು ನೇರವಾಗಿ ನೋಡಿದ್ದು ಇದೇ ಮೊದಲು. ನೆತ್ತಿಯ ಮೇಲೆ ಸಿವುಡು, ಹಸಿರು ಖಣ, ಪಕ್ಕದಲ್ಲಿ ಕವೆಗೋಲು ಹಿಡಿದು ಎದ್ದು ನಿಂತ ಬಸವಕುಮಾರ. ಊರೊಳಗಿನ ಸಣ್ಣ ತಂತಿಗಳನ್ನು ಅವನು ಆ ಕೋಲಿನಿಂದಲೇ ಎತ್ತಿ ಎತ್ತಿ ದಾಟಿಸಿದ್ದ. ಇದನ್ನೂ ಹಾಗೆಯೇ ಎತ್ತುವ ಹವಣಿಕೆಯಲ್ಲಿದ್ದ. ನಿಶಾನೆ ಅಡ್ಡ ಹಿಡಿದರೆ ನಿಲ್ಲು ಎಂದು, ಮೇಲಕ್ಕೆ ಎತ್ತಿದರೆ ಬಾ ಎಂದು. ಬೆಳಿಗ್ಗೆ ಅಂಬಾದಾಸನಿಗೆ ಹೇಳಿಕೊಟ್ಟವನು ಅವನೇ. ಅಡ್ಡ ಹಿಡಿ, ಎಂದು ತನ್ನ ಕೈಗೆ ಹೇಳಿದ. ಕೈ ಎದೆಯ ಮಟ್ಟಕ್ಕೆ ಬಂತು, ಅಲ್ಲಿ ನಿಂತಿತು. ಬಟ್ಟೆ ಗಾಳಿಗೆ ಮೇಲಕ್ಕೆ ಹಾರಿತೋ, ಅವನೇ ಕೋಲು ಎತ್ತಿದನೋ, ಆಮೇಲ್ಯಾವತ್ತೂ ಅವನಿಗೆ ಖಾತ್ರಿಯಾಗಿ ಹೇಳಲಿಕ್ಕಾಗಲಿಲ್ಲ. ಅಂಬಾದಾಸ ಗೇರು ಹಾಕಿದ. ಲಾರಿ ಬಂತು. ಸಿವುಡಿನ ತುದಿ ತಂತಿಗೆ ತಾಗಿ ಬಾಗಿತು, ಗರಿಗಳು ಚರಚರ ಎಂದವು, ಬಸವಕುಮಾರ ಕವೆಗೋಲು ಬೀಸಿ ಒತ್ತಿದ, ಕೋಲು ಜಾರಿತು, ಅವನು ಬಗ್ಗಿ ಎಡಗೈ ಚಾಚಿ ತಂತಿಯನ್ನು ಬರಿಗೈಯಲ್ಲಿ ಹಿಡಿದು ತಲೆಯ ಮೇಲಿಂದ ದಾಟಿಸಿಬಿಟ್ಟ. ಏನೂ ಆಗಲಿಲ್ಲ.

ಏನೂ ಆಗಲಿಲ್ಲ. ಶರಣಕುಮಾರನ ಒಳಗೆ ಆಗ ಏನಾಯಿತೋ ಅದನ್ನು ಅವನು ಸ್ಪಷ್ಟವಾಗಿ ಕಂಡ, ಕಾಣದಿದ್ದರೆ ಚೆನ್ನಾಗಿತ್ತು. ಮೊದಲು ಬಂದದ್ದು ಸಮಾಧಾನವಲ್ಲ. ಇಷ್ಟೇ ಏನು, ಎಂದು ಯಾರೋ ಒಳಗೆ ಅಂದರು. ಜಾತ್ರೆಗೆ ಹೋಗುತ್ತೇವೆಂದು ಹೇಳಿ ಕರೆದುಕೊಂಡು ಹೋಗದೆ ಬಿಟ್ಟಾಗ ಮಕ್ಕಳು ಸಪ್ಪಗಾಗುವ ಹಾಗೆ ಒಂದು ಕ್ಷಣ, ಬರೇ ಒಂದು ಕ್ಷಣ, ಅವನು ಸಪ್ಪಗಾದ. ಆಮೇಲೆ ರಸ್ತೆಯ ಬದಿಗೆ ಹೋಗಿ ಕೂತ. ಜಾಲಿಯ ನೆರಳಿನಿಂದ ಲೈನ್‌ಮನ್ ಅಜೀಮುದ್ದೀನ್ ಸೈಕಲ್ ತಳ್ಳಿಕೊಂಡು ಬಂದ. ಕೈಗವಸು ಕ್ಯಾರಿಯರಿಗೆ ಸಿಕ್ಕಿಸಿದ್ದ, ಮುಖ ಬಿಸಿಲಿಗೆ ಸುಟ್ಟು ಕರ್ರಗಾಗಿತ್ತು. "ಎಷ್ಟು ತಡಾ ಮಾಡಿದ್ರಿ ಸಾಹೇಬ್ರ. ಕಬ್ಬಿಗಿ ನೀರ ಬಿಡಾವ್ರು ನನ್ನ ತಾಯಿ ಮಟ ಬೈದು ಹೋದ್ರು." ಶರಣಕುಮಾರ ಅಂಗಿಯೊಳಗಿನ ಕಾಗದ ಮುಟ್ಟಿ ನೋಡಿಕೊಂಡ. "ಮಧ್ಯಾಹ್ನದ ಮಟ ಅಂತಲ್ಲ ಕಾಗದದಾಗ?" ಎಂದ. "ಬರದಿರ್ತದ್ರಿ. ನಿಮ್ಮ ಗಾಡಿ ದಾಟಿದ್ದ ನನ್ನ ಕಣ್ಣಿಲೆ ನೋಡದ ಹ್ಯಾಂಗ ಚಾಲೂ ಮಾಡ್ಲಿ? ಮ್ಯಾಲ ಮನಶ್ಯಾರು ಕೂತಿರ್ತಾರ, ನಮ್ಮ ಮಂದಿ ಮಾತ ಕೇಳೂದಿಲ್ಲ, ನಂಗೊತ್ತದ. ನಿಮಗೂ ಗೊತ್ತದ." ಹಾಗೆ ಹೇಳಿ ಅವನು ಸೈಕಲ್ ಹತ್ತಿ, ಲೈನು ಚಾಲೂ ಮಾಡಲು ಹೊರಟುಹೋದ. ಅವನಿಗೆ ಒಂದು ಲೋಟ ನೀರು ಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಬೇಮಳಖೇಡದಲ್ಲಿ ಮಾಲು ಇಳಿಯಿತು. ಅಮೋಘಸಿದ್ದಪ್ಪ ಕಣಿಕೆ ಮುರಿದು ಮೂಸಿ ನೋಡಿ, ಮೆಚ್ಚಿ, ಎಲ್ಲರಿಗೂ ಮಜ್ಜಿಗೆ ಕೊಡಿಸಿದ. ಬಸವಕುಮಾರ ತಂತಿ ಹಿಡಿದ ಕತೆಯನ್ನು ಆಗಲೇ ಎರಡು ಸಲ ಹೇಳಿ ಮುಗಿಸಿದ್ದ. ಎರಡನೇ ಸಲಕ್ಕೆ ತಂತಿ ಇನ್ನಷ್ಟು ಕೆಳಗೆ ಬಂದಿತ್ತು. ಲೈನು ಬಂದ್ ಇದ್ದದ್ದು ಮಾಮಾನ ಕಾಗದದಿಂದ ಎಂದು ಎರಡೂ ಸಲ ಸೇರಿಸಿದ. ಹೊರಡುವಾಗ ಸಿವುಡು ತಂದು ಎಂ-ಏಟಿಯ ಹಿಂದೆ ಕಟ್ಟಿದ. "ನೀನ ಒಯ್ಯಿ ಮಾಮಾ, ಅವ್ವನ ಕೈಯಾಗ ಕೊಡು. ನಿನ್ನಿಂದ ಪಾರಾದ್ವಿ ಇವತ್ತು." ಬೆನ್ನಿಗೆ ಕೈ ಹಾಕಿ ಮೆಲ್ಲಗೆ ತಟ್ಟಿದ. ಇಷ್ಟು ವರ್ಷ ಆ ಮನೆಯವರ ಬಾಯಿಂದ ಬರಲಿ ಎಂದು ಶರಣಕುಮಾರ ಕಾದ ಮಾತು ಅದು. ಅವನು ಬಸವಕುಮಾರನ ಎಡಗೈ ನೋಡಿದ. ಅಂಗೈಯ ಮೇಲೆ ತಂತಿಯ ಕಪ್ಪು ಮಸಿ ಗೆರೆಯಾಗಿ ಕೂತಿತ್ತು. ದಾರಿಯುದ್ದಕ್ಕೂ ಸಿವುಡಿನ ಗರಿ ಅವನ ಬೆನ್ನು ಗೀರುತ್ತಿತ್ತು, ಅವನು ಸರಿಸಲಿಲ್ಲ. ತಂತಿಯ ಕೆಳಗೆ ಬಂದಾಗ ಗಾಡಿ ನಿಲ್ಲಿಸಿ ತಲೆ ಎತ್ತಿದ. ನಡುವಿನ ತಂತಿಗೆ ಎರಡು ಗರಿ ಸಿಕ್ಕಿಕೊಂಡು ಅಲ್ಲಾಡುತ್ತಿದ್ದವು. ಸುತ್ತ ಎಲ್ಲ ಬಾವಿಗಳಲ್ಲೂ ಪಂಪು ಹೊಡೆಯುತ್ತಿದ್ದವು. ಕೈಯಲ್ಲಿ ಬಿದಿರಿನ ಕೋಲಿತ್ತು, ಎತ್ತಿದರೆ ಎಟಕುತ್ತಿರಲಿಲ್ಲ. ಸಿವುಡಿಗೆ ಸುತ್ತಿದ ಖಣ ಹಸಿಯಾಗಿ ನೀರು ತೊಟ್ಟಿಕ್ಕುತ್ತಿದ್ದರೆ, ಅದನ್ನು ಕೋಲಿನ ತುದಿಗೆ ಕಟ್ಟಿದರೆ, ಆ ತಂತಿಯಲ್ಲಿ ಈಗ ಹರಿಯುವುದು ತನ್ನ ಕೈಗೂ ಇಳಿದೀತೇ ಎಂದು ಲೆಕ್ಕ ಹಾಕುತ್ತ ಎಷ್ಟು ಹೊತ್ತು ನಿಂತನೋ. ಹಿಂದಿನಿಂದ ಖಾಲಿ ಲಾರಿ ಬಂದು ಹಾರ್ನ್ ಹೊಡೆಯಿತು. "ಏನಾತು ಮಾಮಾ, ಪೆಟ್ರೋಲ್ ಖಾಲಿ ಆತೇನು?" ಇಲ್ಲ ಎಂದು ಕೈ ಮಾಡಿ ಅವನು ಗಾಡಿ ಚಾಲೂ ಮಾಡಿದ.

ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದರು. ತುಳಜಾಬಾಯಿ ಬಾಗಿಲಲ್ಲೇ ಸಿವುಡು ಇಸಿದುಕೊಂಡು ಕಣ್ಣಿಗೆ ಒತ್ತಿಕೊಂಡಳು, ಮುರಿದ ಗರಿಗಳನ್ನು ಕೈಯಾಡಿಸಿ ನೋಡಿದಳು. ಊಟಕ್ಕೆ ಕೂತಾಗ ಬಸವಕುಮಾರ ಮೂರನೇ ಸಲ ಕತೆ ಹೇಳಿದ. ಬರಿಗೈಯಲ್ಲಿ ಹಿಡಿದೆ ಎಂದಾಗ ರೊಟ್ಟಿ ಬಡಿಯುತ್ತಿದ್ದ ವಿದ್ಯಾವತಿಯ ಕೈ ನಿಂತಿತು. ತುಳಜಾಬಾಯಿಯ ಮುಖದಿಂದ ರಕ್ತ ಇಳಿದುಹೋದದ್ದು ಚಿಮಣಿ ದೀಪದ ಬೆಳಕಿನಲ್ಲೂ ಕಂಡಿತು. ಅವಳು ಗೋಡೆ ಹಿಡಿದುಕೊಂಡಳು. ಆಮೇಲೆ ಮಗನ ಕಡೆ ನೋಡಲಿಲ್ಲ, ಅಳಿಯನ ಕಡೆ ತಿರುಗಿದಳು.

"ಮುಂಜಾನೆ ನೀವು ಎತ್ತರ ಆಗ್ತದ ಅಂದ್ರಿ. ನಾ ಸಿವುಡ ಹಿಡಕೊಂಡು ನಿಮ್ಮ ಮಾರಿನೇ ನೋಡಕೋತ ನಿಂತೆ, ಮತ್ತೊಮ್ಮಿ ಅಂತೀರೇನೋ ಅಂತ. ನೀವು ಅನ್ನಲಿಲ್ಲ. ಅಳಿಯಂದಿರು ಅನ್ನಲಿಲ್ಲ ಅಂದಮ್ಯಾಲ ಹರಕತ್ ಇಲ್ಲ ಅಂತ ಮ್ಯಾಲ ಕೊಟ್ಟೆ. ಕಾಗದದ ಮಾತು ನಮಗೇನ ತಿಳೀತದ್ರಿ? ನೀವು ಮುಂದ ಇದ್ದೀರಂತನೇ ಅವನ್ನ ಮ್ಯಾಲ ಕೂಡಿಸಿ ಕಳಸಿದೆ."

ಅವಳ ದನಿಯಲ್ಲಿ ಆಪಾದನೆ ಇರಲಿಲ್ಲ. ಇದ್ದಿದ್ದರೆ ಅವನು ಅದನ್ನು ಹಿಡಿದುಕೊಂಡು ನಿಲ್ಲಬಹುದಿತ್ತು. ಅವಳು ಒಲೆಯ ಹತ್ತಿರ ಹೋಗಿ ಬಿಸಿ ರೊಟ್ಟಿ ತಂದು ಅವನ ತಾಟಿನ ಮೇಲೆ ಹಿಡಿದಳು. ಶರಣಕುಮಾರನ ತಾಟಿನಲ್ಲಿ ಮೊದಲಿನ ರೊಟ್ಟಿಯೇ ಹಾಗೇ ಉಳಿದಿತ್ತು. "ಬ್ಯಾಡ್ರಿ" ಎಂದ ಮೆಲ್ಲಗೆ. ತುಳಜಾಬಾಯಿ ರೊಟ್ಟಿ ಹಿಡಿದುಕೊಂಡು ಅವನ ಮುಖ ನೋಡುತ್ತ ನಿಂತಳು. ಅವನು ತಲೆ ಎತ್ತಲಿಲ್ಲ, ಕೈ ಅಡ್ಡ ಇಡಲಿಲ್ಲ. ಅವಳು ಸ್ವಲ್ಪ ಹೊತ್ತು ಕಾದು, ರೊಟ್ಟಿ ಬಡಿಸಿದಳು.